ಹಲ್ಲು ಕೀಳಿಸಿದ ಮೇಲೆ ಅಪ್ಪ ಮಾತು ಕೇಳುತ್ತಿಲ್ಲ, ಆ್ಯಪ್ ಹೇಳಿದರೆ ಕೇಳುತ್ತಾರಾ?

ಪ್ರಶ್ನೆ (ಮೂಡಿಗೆರೆ): ಡಾಕ್ಟ್ರೇ, ನಿನ್ನೆ ಸಂಜೆ ಚಿಕ್ಕಮಗಳೂರಲ್ಲಿ ಅಪ್ಪನ ಕೆಳಗಿನ ದವಡೆ ಹಲ್ಲು ಕೀಳಿಸಿದೆವು. ಒಂದು ಚೀಟಿ ಕೊಟ್ಟು, ಅಮ್ಮನ ಫೋನಿಗೆ ಸೂಚನೆ ನೆನಪಿಸುವ ಒಂದು ಆ್ಯಪ್ ಹಾಕಿಕೊಟ್ಟರು. ಆ್ಯಪ್ ಪೂರ್ತಿ ಇಂಗ್ಲಿಷ್. ಅಪ್ಪನದು ಕೀಪ್ಯಾಡ್ ಫೋನ್. ಬೆಳಿಗ್ಗೆ ಎದ್ದವರೇ ಬಿಸಿ ಕಾಫಿ ಕೇಳಿದರು, ಈಗ ಬೀಡಿ ಹುಡುಕುತ್ತಿದ್ದಾರೆ. ತೋಟದ ಮನೆ, ನೆಟ್‌ವರ್ಕ್ ಇದ್ದರೆ ಇತ್ತು. ನಾನು ನಾಳೆ ಬೆಂಗಳೂರಿಗೆ ಹೊರಡಬೇಕು. ಈ ಆ್ಯಪ್‌ನಿಂದ ಉಪಯೋಗ ಇದೆಯಾ, ಇಲ್ಲ ಸುಮ್ನೆ ಹಾಕಿದ್ದಾ?

ಉತ್ತರ (ದಂತವೈದ್ಯೆ, ಚಿಕ್ಕಮಗಳೂರು): ಮೊದಲು ಬೀಡಿ ಬಚ್ಚಿಡಿ, ಆ್ಯಪ್ ವಿಚಾರ ಆಮೇಲೆ. ಹಲ್ಲು ಕಿತ್ತ ಗುಳಿಯಲ್ಲಿ ರಕ್ತ ಹೆಪ್ಪುಗಟ್ಟಿ ಕೂರುತ್ತದೆ. ಒಳಗಿನ ಮೂಳೆಗೆ ಅದೇ ಮುಚ್ಚಳ. ಬೀಡಿ ಎಳೆದರೆ, ಸ್ಟ್ರಾ ಹಾಕಿ ಎಳನೀರು ಹೀರಿದರೆ, ಜೋರಾಗಿ ಉಗಿದರೆ ಅದು ಕಿತ್ತು ಹೋಗಬಹುದು. ಆಗ ಬರುವುದೇ ಡ್ರೈ ಸಾಕೆಟ್. ಸಾಮಾನ್ಯವಾಗಿ 2ರಿಂದ 4ನೇ ದಿನದ ಒಳಗೆ, ಇನ್ನೇನು ವಾಸಿಯಾಯಿತು ಅಂದುಕೊಂಡಾಗ, ಕಿವಿಯವರೆಗೂ ಸೆಳೆಯುವ ನೋವು ಶುರುವಾಗುತ್ತದೆ. ಕಾಫಿ ಬೇಡ ಅಂತ ಮೂಡಿಗೆರೆಯವರಿಗೆ ಹೇಳುವ ಧೈರ್ಯ ನನಗಿಲ್ಲ, ಆರಿಸಿ ಕುಡಿಯಲಿ.

ಇನ್ನು ಆ್ಯಪ್. ನಾವು ಡಾಕ್ಟರುಗಳು ಎಲ್ಲ ಸೂಚನೆಯನ್ನೂ ಹೇಳುವುದು ಪೇಷಂಟ್ ಬಾಯಲ್ಲಿ ಹತ್ತಿ ಕಚ್ಚಿಕೊಂಡು, ಅರ್ಧ ಮುಖ ಜೋಮು ಹಿಡಿದು, ಯಾವಾಗ ಮನೆಗೆ ಹೋಗುತ್ತೇನೋ ಅಂತ ಕೂತಿರುವಾಗ. ತಲೆ ಆಡಿಸುತ್ತಾರೆ, ಅಷ್ಟೇ. ಬೇಕಾದ ಹೊತ್ತಿಗೆ ಬೇಕಾದ ಒಂದೇ ಮಾತನ್ನು ಮತ್ತೆ ಹೇಳುವುದು ಆ್ಯಪ್‌ನ ಕೆಲಸ. ನಿಮ್ಮಲ್ಲಿ ನೆಟ್‌ವರ್ಕ್ ಇಲ್ಲ, ಅಮ್ಮನಿಗೆ ಇಂಗ್ಲಿಷ್ ಬಾರದು ಅಂದರೆ ಅದೇ ಕೆಲಸವನ್ನು ಫೋನಿನ ಅಲಾರಂ ಮಾಡುತ್ತದೆ. ಅದಕ್ಕೆ ಇಂಟರ್ನೆಟ್ ಬೇಡ. ಎಷ್ಟೋ ಫೋನುಗಳಲ್ಲಿ ರೆಕಾರ್ಡ್ ಮಾಡಿದ ಧ್ವನಿಯನ್ನೇ ಅಲಾರಂ ಸೌಂಡ್ ಆಗಿ ಇಡಬಹುದು. ಮೊಮ್ಮಕ್ಕಳಿದ್ದರೆ ಅವರ ಕೈಲೇ ಹೇಳಿಸಿ, ಮಗನ ಮಾತಿಗಿಂತ ಅದಕ್ಕೆ ಬೆಲೆ ಜಾಸ್ತಿ.

ಇವತ್ತು ಸಂಜೆಗೆ 24 ಗಂಟೆ ಮುಗಿಯುತ್ತದೆ. ಆಗ ಒಂದು ಅಲಾರಂ: ಒಂದು ಲೋಟ ಉಗುರುಬೆಚ್ಚಗಿನ ನೀರು, ಅರ್ಧ ಚಮಚ ಉಪ್ಪು, ಮೆಲ್ಲಗೆ ಬಾಯಲ್ಲಿ ಆಡಿಸಿ ಸುರಿದು ಬಿಡಬೇಕು, ಗಳಗಳ ಮುಕ್ಕಳಿಸಬಾರದು. ನಾಳೆಯಿಂದ ಪ್ರತಿ ಊಟದ ನಂತರ ಇದೇ. ಮಾತ್ರೆಗೆ ಬೇರೆ ಅಲಾರಂ, ಊಟ ಆದ ಮೇಲಿನ ಹೊತ್ತಿಗೆ. ಮೂರನೇ ದಿನ ಮಾತ್ರ ಅಲಾರಂ ಸಾಲದು, ನೀವೇ ಫೋನ್ ಮಾಡಿ ನೋವು ಹೇಗಿದೆ ಕೇಳಿ.

ಪ್ರಶ್ನೆ (ಹಾಸನ, ಕ್ಲಿನಿಕ್ ಸಹಾಯಕಿ): ಮೇಡಂ, ನಮ್ಮ ಕ್ಲಿನಿಕ್‌ಗೆ ಸ್ವಂತ ಆ್ಯಪ್ ಮಾಡಿಸಿ ಅಂತ ಒಬ್ಬರು ಬಂದಿದ್ದಾರೆ. ವಾಟ್ಸಾಪ್ ಸಾಕಲ್ವಾ?

ಉತ್ತರ: ಒಂದು ಹಲ್ಲು ಕೀಳಿಸಿದ್ದಕ್ಕೆ ಯಾರೂ ಆ್ಯಪ್ ಇಟ್ಟುಕೊಳ್ಳುವುದಿಲ್ಲ, ಬಸ್ ಸ್ಟ್ಯಾಂಡ್ ತಲುಪುವ ಮೊದಲೇ ತೆಗೆದು ಹಾಕುತ್ತಾರೆ. ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡು ವರ್ಷಗಟ್ಟಲೆ ಬಂದು ಹೋಗುವ ಹುಡುಗರಿಗೆ, ಇಂಪ್ಲಾಂಟ್ (ದವಡೆ ಮೂಳೆಗೆ ಕೂರಿಸುವ ಕೃತಕ ಹಲ್ಲು) ಮಾಡಿಸಿಕೊಂಡವರಿಗೆ ಆದರೆ ಒಪ್ಪಬಹುದು. ಉಳಿದವರಿಗೆ ವಾಟ್ಸಾಪ್ ಧಾರಾಳವಾಯಿತು. ಆದರೆ ಒಂದೇ ಸಲ ಹಲವರಿಗೆ ಕಳಿಸುವ ಬ್ರಾಡ್‌ಕಾಸ್ಟ್ ಲಿಸ್ಟಿನ ಮೆಸೇಜ್ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ, ಅದಕ್ಕೇ ಕೌಂಟರ್‌ನಲ್ಲೇ ಸೇವ್ ಮಾಡಿಸಿ. ಇನ್ನೊಂದು, ರಿಜಿಸ್ಟರ್‌ನಲ್ಲಿ ಬರೆಸುವುದು ಯಾರ ನಂಬರ್? ಎಷ್ಟೋ ಸಲ ದೂರದ ಊರಿನ ಮಗನದು. ಉಪ್ಪುನೀರಿನ ಮೆಸೇಜ್ ಅವನಿಗೆ ಹೋಗಿ ಏನು ಪ್ರಯೋಜನ? ಮನೆಯಲ್ಲಿ ಅಡುಗೆ ಮಾಡುವವರ ನಂಬರ್ ಕೇಳಿ.

ಉದ್ದದ ಪಿಡಿಎಫ್ ಬೇಡ. ಕನ್ನಡದಲ್ಲಿ ಅರ್ಧ ನಿಮಿಷದ ವಾಯ್ಸ್ ಮೆಸೇಜ್ ಕಳಿಸಿ, ಅವತ್ತು ರಾತ್ರಿ ಒಂದು, ಮರುದಿನ ಒಂದು. ಮೂರನೇ ದಿನ ಸೂಚನೆ ಬಿಟ್ಟು ಪ್ರಶ್ನೆ ಕೇಳಿ: "ನೋವು ನಿನ್ನೆಗಿಂತ ಜಾಸ್ತಿಯಾ, ಕಮ್ಮಿಯಾ?" ಉತ್ತರ ಬಾರದವರಿಗೆ ನೀವೇ ಫೋನ್ ಮಾಡಿ. ಆ್ಯಪ್ ಮಾರಲು ಬಂದವರು ಈ ಕೆಲಸದ ಬಗ್ಗೆ ಹೇಳಿರಲ್ಲ, ಅದನ್ನು ಮಾಡಲು ಮನುಷ್ಯರೇ ಬೇಕು.

ಪ್ರಶ್ನೆ (ಬಾಳೆಹೊನ್ನೂರು): ನನಗೆ ಮಾತ್ರೆ ನೆನಪಿಸುವ ಆ್ಯಪ್ ಇದೆ, ಎರಡು ದಿನ ಹೊಡೆದುಕೊಂಡು ಈಗ ಸುಮ್ಮನಾಗಿದೆ. ಮತ್ತೆ ಹಲ್ಲು ಕಿತ್ತ ಗಾಯದ ಫೋಟೊ ಈ ಗುಂಪಿನಲ್ಲಿ ಹಾಕಲಾ? ಬೆಳ್ಳಗೆ ಕಾಣ್ತಿದೆ.

ಉತ್ತರ: ಫೋನಿನ ಬ್ಯಾಟರಿ ಉಳಿಸುವ ಸೆಟ್ಟಿಂಗ್ ಅದನ್ನು ಮಲಗಿಸಿರಬಹುದು, ಆ ಆ್ಯಪ್‌ಗೆ ಮಾತ್ರ ಅದನ್ನು ಆಫ್ ಮಾಡಿ ನೋಡಿ. ಫೋಟೊ ಗುಂಪಿನಲ್ಲಿ ಬೇಡ, ಕಿತ್ತ ಡಾಕ್ಟರಿಗೇ ಕಳಿಸಿ. ಬೆಳ್ಳಗಿರುವುದು ಎಷ್ಟೋ ಸಲ ಗಾಯ ಮಾಯುವ ಪದರವೇ, ಕೆರೆಯಬೇಡಿ. ಆದರೆ ಅರ್ಧ ಗಂಟೆ ಹತ್ತಿ ಒತ್ತಿ ಹಿಡಿದರೂ ರಕ್ತ ನಿಲ್ಲದಿದ್ದರೆ, ಮೂರು ದಿನ ಕಳೆದ ಮೇಲೂ ಊತ ಏರುತ್ತಿದ್ದರೆ, ಜ್ವರ ಬಂದರೆ, ಬಾಯಿ ತೆರೆಯಲು ಕಷ್ಟವಾಗುತ್ತಿದ್ದರೆ ಫೋಟೊ ಕಳಿಸಿ ಕಾಯಬೇಡಿ, ನೇರ ಕ್ಲಿನಿಕ್‌ಗೆ ಹೊರಡಿ. ನುಂಗಲು ಅಥವಾ ಉಸಿರಾಡಲು ತೊಂದರೆ ಆದರೆ ಹತ್ತಿರದ ಆಸ್ಪತ್ರೆ, ರಾತ್ರಿಯಾದರೂ ಸರಿ. ಸಕ್ಕರೆ ಕಾಯಿಲೆ ಇದೆಯಾ, ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತೀರಾ? ಅದನ್ನೂ ಫೋಟೊ ಜೊತೆ ಬರೆದು ಕಳಿಸಿ.