ಸಹಾಯ ಬೇಕು: ಅಮ್ಮನ ಮನೆಯ ಎರಡನೇ ಕಂತು ಬಂದಿಲ್ಲ

ಗುಂಪಿನ ಎಲ್ಲರಿಗೂ ನಮಸ್ಕಾರ. ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನಲ್ಲಿರುವ ನಮ್ಮ ತಾಯಿಯವರಿಗೆ ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯಡಿ ಮನೆ ಮಂಜೂರಾಗಿದ್ದು, ಬಯಲು ಪ್ರದೇಶಕ್ಕೆ ನಿಗದಿಯಾದ 1.20 ಲಕ್ಷ ರೂಪಾಯಿಯಲ್ಲಿ ಮೊದಲ ಕಂತು ಬಂದ ಕೂಡಲೇ ತಳಪಾಯ ಹಾಕಿಸಿ, ಕೈಸಾಲ ಮಾಡಿ ಗೋಡೆಯನ್ನು ಕಿಟಕಿಯ ಮಟ್ಟದವರೆಗೆ ಕಟ್ಟಿಸಿದ್ದೇವೆ. ಸಿಬ್ಬಂದಿ ಬಂದು ಜಿಪಿಎಸ್ ಫೋಟೋ ತೆಗೆದುಕೊಂಡು ಹೋಗಿ ನಾಲ್ಕು ತಿಂಗಳಾದರೂ ಎರಡನೇ ಕಂತು ಖಾತೆಗೆ ಜಮೆಯಾಗಿಲ್ಲ. ಆಧಾರ್‌ನಲ್ಲಿ ಹೆಸರಿನ ಮುಂದೆ ತಂದೆಯ ಹೆಸರು, ಪಾಸ್‌ಬುಕ್ಕಿನಲ್ಲಿ ಗಂಡನ ಹೆಸರು ಇರುವುದೇ ಕಾರಣವೆಂದು ನಮ್ಮ ಅನುಮಾನ. ಉಳಿದ ಸಿಮೆಂಟ್ ಚೀಲಗಳು ಮಳೆಗೆ ಗಟ್ಟಿಯಾಗಬಾರದೆಂದು ಅಮ್ಮ ದಿನವೂ ಸಂಜೆ ತಾಡಪತ್ರಿ ಹೊದಿಸುತ್ತಾರೆ. 2016ರಿಂದ ಬದಲಾಗದ ಈ ಮೊತ್ತ ಮೊದಲೇ ಸಾಲದು. ಅದರಲ್ಲಿ ತಡವೂ ಆದರೆ ಬಡವರು ಬಡ್ಡಿ ಕಟ್ಟಬೇಕಾಗುತ್ತದೆ. ಇಂಥ ಹೆಸರಿನ ವ್ಯತ್ಯಾಸವನ್ನು ಸರಿಪಡಿಸಿಕೊಂಡವರಿದ್ದರೆ, ಯಾವ ದಾಖಲೆ ಕೊಟ್ಟಿರಿ, ಅರ್ಜಿಯನ್ನು ತಾಲ್ಲೂಕು ಪಂಚಾಯಿತಿಗೆ ಸಲ್ಲಿಸಬೇಕೋ ಜಿಲ್ಲಾ ಪಂಚಾಯಿತಿಗೋ ಎಂಬುದನ್ನು ದಯವಿಟ್ಟು ತಿಳಿಸಿರಿ.