ದರ್ಪಣಸುಂದರಿಯ ಅಳತೆ ಯಾರಿಗೆ?

ಸಕಲೇಶಪುರದವಳು: ಹಾಸನದಲ್ಲಿ ನಡೆದ ವಧೂವರರ ಸಮಾವೇಶವೊಂದರ ಬಾಗಿಲಲ್ಲಿ ನಮ್ಮ ಗೆಳತಿಯರ ಗುಂಪು ನಿಂತು, ಅರ್ಜಿಯಿಂದ ‘ಬೆಳ್ಳಗೆ, ತೆಳ್ಳಗೆ’ ಎಂಬ ಮಾತುಗಳನ್ನು ತೆಗೆಯಿರೆಂದು ಕೇಳಿಕೊಂಡಿತು. ನನ್ನನ್ನು ನೋಡಲು ಬಂದಿದ್ದ ಹುಡುಗನ ಸೋದರತ್ತೆ, ಬಳೆಗಳನ್ನು ಮೇಲಕ್ಕೆ ಸರಿಸಿ, ಬಿಸಿಲು ತಾಗದ ಜಾಗದ ಬಣ್ಣವನ್ನೂ ಪರೀಕ್ಷಿಸಿದ್ದರು. ಚೆನ್ನೈನ ‘ವಿಮೆನ್ ಆಫ್ ವರ್ತ್’ ಸಂಸ್ಥೆ ‘ಡಾರ್ಕ್ ಈಸ್ ಬ್ಯೂಟಿಫುಲ್’ ಅಭಿಯಾನವನ್ನು 2009ರಲ್ಲೇ ಆರಂಭಿಸಿತ್ತು. ನಾವು ಕೇಳುತ್ತಿರುವುದು ಹೊಸದೇನಲ್ಲ.

ಬೇಲೂರಿನವ: ‘ಹೊಸದೇನಲ್ಲ’ ಎಂದಿರಿ, ಸೌಂದರ್ಯದ ಮಾನದಂಡವೂ ಹೊಸದಲ್ಲ. 1117ರಲ್ಲಿ ಪ್ರತಿಷ್ಠಾಪನೆಯಾದ ನಮ್ಮ ಚೆನ್ನಕೇಶವ ದೇವಾಲಯದಲ್ಲಿ ಕನ್ನಡಿ ಹಿಡಿದು ನಿಂತ ದರ್ಪಣಸುಂದರಿಯನ್ನು ನೋಡಿ. ಅಲ್ಲಿನ 42 ಮದನಿಕೆಯರಲ್ಲಿ, ಅಂದರೆ ಶಿಲಾಬಾಲಿಕೆಯರಲ್ಲಿ, ಸಣ್ಣ ನಡುವಿಲ್ಲದವಳು ಒಬ್ಬಳಾದರೂ ಇದ್ದಾಳೆಯೇ?

ಅರಸೀಕೆರೆ ಮೇಷ್ಟ್ರು: ಹೊರಗೋಡೆಯ ಮೇಲಿರುವವರು 38 ಮಾತ್ರ. ಅಂಕಿ ಹೇಳುವ ಮೊದಲು ಒಮ್ಮೆ ಪ್ರದಕ್ಷಿಣೆ ಹಾಕಿ ಎಣಿಸುವುದು ಒಳ್ಳೆಯದು. ಶಿಲ್ಪಿ ಕೆತ್ತಿದ್ದು ಮೂರ್ತಿಗಳಿಗೆಂದು ಶಾಸ್ತ್ರ ಹೇಳಿದ ತಾಳಮಾನದ ಅಳತೆಗೆ, ಊರಿನ ಹೆಣ್ಣುಮಕ್ಕಳ ಅಳತೆಗಲ್ಲ.

ಬೇಲೂರಿನವ: ಒಳಗೆ ನವರಂಗ ಮಂಟಪದಲ್ಲಿರುವ ನಾಲ್ವರನ್ನು ಯಾರ ಮನೆಗೆ ಕಳುಹಿಸಿದಿರಿ?

ಸಕಲೇಶಪುರದವಳು: ಎಣಿಕೆ ಹಾಗಿರಲಿ, ಬಣ್ಣ ನೋಡಿ. ಕಪ್ಪು ಕಲ್ಲಿನ ಸುಂದರಿಯ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವವರೇ ಮನೆಗೆ ಬಂದು ಸೊಸೆಯ ಬಣ್ಣಕ್ಕೆ ಮೂಗು ಮುರಿಯುತ್ತಾರೆ.

ಬೇಲೂರಿನವ: ಅದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೃದುವಾಗಿರುತ್ತದೆ, ಗಾಳಿಗೆ ಗಟ್ಟಿಯಾಗುತ್ತದೆ. ಅದನ್ನು ಆರಿಸಿದ್ದು ಕುಸುರಿ ಕೆಲಸಕ್ಕೆ, ಬಣ್ಣಕ್ಕಲ್ಲ. ಕಲ್ಲಿನ ಗುಣವನ್ನು ಚಳವಳಿಗೆ ಎಳೆಯಬೇಡಿ.

ಸಕಲೇಶಪುರದವಳು: ಕಲ್ಲಿನ ನಡುವನ್ನು ನಮ್ಮ ಮದುವೆಯ ಅರ್ಜಿಗೆ ಎಳೆದವರು ಯಾರು ಸ್ವಾಮಿ?

ಮೂಡಿಗೆರೆ ಓದುಗಿ: ಬಣ್ಣದ ವಿಷಯದಲ್ಲಿ ಅಕ್ಕನ ಮಾತು ಸರಿ, ತೂಕದ ವಿಷಯ ಬೇರೆ. ಏಷ್ಯನ್ನರಿಗೆ ದೇಹ ತೂಕದ ಸೂಚ್ಯಂಕ 23 ದಾಟಿದರೇ ಎಚ್ಚರ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಹೇಳಿದ್ದಾರೆ. ಬೊಜ್ಜನ್ನು ಹೊಗಳುವುದು ಸ್ವಾಭಿಮಾನವೇ?

ಸಕಲೇಶಪುರದವಳು: ಹೊಗಳಿ ಎಂದು ನಾನೆಲ್ಲಿ ಬರೆದೆ ತಂಗಿ? ಎಚ್ಚರಿಕೆ ಹೇಳಬೇಕಾದವರು ವೈದ್ಯರು. ಕಾಫಿ ಲೋಟ ಕೈಯಲ್ಲಿ ಹಿಡಿದು ನನ್ನ ಸೊಂಟ ನೋಡುವ ಸೋದರತ್ತೆಯಲ್ಲ.

ಕಡೂರಿನ ಅಂಗಡಿಯವ: ನೀವೆಲ್ಲ ಸುಮ್ಮನೆ ಜಗಳವಾಡುತ್ತಿದ್ದೀರಿ. 1975ರಿಂದ ಮಾರುತ್ತಿದ್ದ ‘ಫೇರ್ ಅಂಡ್ ಲವ್ಲಿ’ಯೇ 2020ರಲ್ಲಿ ‘ಗ್ಲೋ ಅಂಡ್ ಲವ್ಲಿ’ ಆಯಿತು. ಕಂಪನಿಯೇ ಬದಲಾದ ಮೇಲೆ ಹೋರಾಟವೇಕೆ?

ಮೂಡಿಗೆರೆ ಓದುಗಿ: ಬದಲಾದದ್ದು ಹೆಸರು. ನಿಮ್ಮ ಅಂಗಡಿಯಲ್ಲಿ ಗಿರಾಕಿಗಳು ಯಾವ ಹೆಸರು ಹೇಳಿ ಕೇಳುತ್ತಾರೆ, ಅದನ್ನು ಹೇಳಿ.

ಕಡೂರಿನ ಅಂಗಡಿಯವ: ಹಳೆಯ ಹೆಸರನ್ನೇ ಹೇಳುತ್ತಾರೆ, ಅದು ಬಾಯಿಗೆ ಬಂದ ಅಭ್ಯಾಸವಷ್ಟೆ.

ಅರಸೀಕೆರೆ ಮೇಷ್ಟ್ರು: 38 ಎಂಬುದನ್ನು ಬೇಲೂರಿನವರು ಇನ್ನೂ ಒಪ್ಪಿಲ್ಲ. ಮದನಿಕೆಯರಲ್ಲಿ ಬಿಲ್ಲು ಹಿಡಿದ ಬೇಟೆಗಾರ್ತಿಯೂ ಇದ್ದಾಳೆ. ಇವರ ಕಣ್ಣಿಗೆ ಕನ್ನಡಿ ಹಿಡಿದವಳೊಬ್ಬಳೇ ಬಿದ್ದಳೇ?

ಬೇಲೂರಿನವ: ಬೇಟೆಗಾರ್ತಿಯ ನಡುವೂ ಸಣ್ಣದೇ. ಶಾಲೆಯಲ್ಲಿ ಮಕ್ಕಳಿಗೆ ಗದರಿದಂತೆ ಇಲ್ಲಿ ಗದರಬೇಡಿ.

ಸಕಲೇಶಪುರದವಳು: ಆ ಸಮಾವೇಶದ ಅರ್ಜಿ ನನ್ನ ಮುಂದಿದೆ. ‘ಮೈಬಣ್ಣ’ ಎಂಬ ಸಾಲು ವಧುವಿನ ಹಾಳೆಯಲ್ಲಿದೆ, ವರನ ಹಾಳೆಯಲ್ಲಿ ಆ ಜಾಗದಲ್ಲಿ ‘ಜಮೀನು’ ಎಂದಿದೆ. ಇದಕ್ಕೆ ಯಾರಾದರೂ ಉತ್ತರ ಕೊಡುತ್ತೀರಾ?

ಬೇಲೂರಿನವ: ಮೇಷ್ಟ್ರೇ, ಒಳಗಿನ ನಾಲ್ವರೂ ಮದನಿಕೆಯರೇ. 42.