7660ಯಿಂದ ಮೈನಸ್ ಸಪ್ಲೈ ತಗೊಂಡ್ರೆ ಕುಂಯ್ ಅಂತ ಸೌಂಡ್ ಬರ್ತಿದೆ

ಪ್ರಶ್ನೆ: ಸರ್, ಗಿಟಾರ್‌ಗೆ ಪ್ರೀಆಂಪ್ ಮಾಡಿದೀನಿ, ಎರಡು ಟಿಎಲ್072 (ಸಿಗ್ನಲ್ ದೊಡ್ಡದು ಮಾಡೋ ಆಪ್‌ಆಂಪ್ ಐಸಿ) ಇದೆ, ಇರೋದು 9 ವೋಲ್ಟ್ ಅಡಾಪ್ಟರ್ ಒಂದೇ, ಅದಕ್ಕೆ ಮೈನಸ್ 9ಕ್ಕೆ ಅಂತ ಎಸ್.ಪಿ. ರೋಡಿಂದ ಐಸಿಎಲ್7660 (ಪ್ಲಸ್ ವೋಲ್ಟೇಜನ್ನ ಮೈನಸ್ ಮಾಡೋ ಐಸಿ) ತಂದು ಎರಡೂ ಕಡೆ 10 ಮೈಕ್ರೋಫ್ಯಾರಡ್ ಹಾಕ್ದೆ. ವಾಲ್ಯೂಮ್ ಏರಿಸಿದ್ರೆ ಹಿಂದೆ ಸಣ್ಣಗೆ ಕುಂಯ್ ಅಂತ ಬರ್ತಾನೇ ಇರುತ್ತೆ. ಮೀಟರಲ್ಲಿ ಮೈನಸ್ 8.6 ಅಷ್ಟೇ. ಐಸಿ ಡೂಪ್ಲಿಕೇಟಾ?

ಉತ್ತರ: ಐಸಿ ಸರಿಯಾಗೇ ಇದೆ. ಅದರ ಔಟ್‌ಪುಟ್ ರೆಸಿಸ್ಟೆನ್ಸೇ 60 ಓಮ್ ಹತ್ರ, ನಿಮ್ಮ ಎರಡು ಟಿಎಲ್072 ಸುಮ್ನೆ ಕೂತ್ರೂ 5–6 ಮಿಲಿಆಂಪ್ ಎಳೆಯುತ್ತೆ, ಗುಣಿಸಿ ನೋಡಿ, 0.3 ವೋಲ್ಟ್ ಮೇಲೆ ಅಲ್ಲೇ ಹೋಯ್ತು. ಆಪ್‌ಆಂಪ್‌ಗೆ 8.6 ಧಾರಾಳ, ಅದರ ತಲೆಬಿಸಿ ಬಿಡಿ.

ಸೌಂಡ್ ಮಾತ್ರ ನಿಜವಾದ ತೊಂದ್ರೆ. 7660ರ ಆಸಿಲೇಟರ್ 10 ಕಿಲೋಹರ್ಟ್ಜ್, ಒಳಗೆ ಅರ್ಧ ಆಗಿ ಪಂಪ್ (ಕೆಪಾಸಿಟರ್ ತುಂಬಿಸಿ ಖಾಲಿ ಮಾಡೋ ಕೆಲಸ) ನಡೆಯೋದು 5ರಲ್ಲಿ, ಅಂದ್ರೆ ಕಿವಿಗೆ ಸರಿಯಾಗಿ ಬೀಳೋ ಜಾಗ. 7660ಎಸ್ ಇಲ್ಲಾ ಮ್ಯಾಕ್ಸ್1044 ಹಾಕಿ 1ನೇ ಪಿನ್ನನ್ನ 8ಕ್ಕೆ ಸೇರಿಸಿ, ಅದು ಬೂಸ್ಟ್ ಪಿನ್, ಫ್ರೀಕ್ವೆನ್ಸಿ ಮೇಲಕ್ಕೆ ಹೋಗುತ್ತೆ. ನಿಮ್ಮ ಮಾಮೂಲಿ 7660ರಲ್ಲಿ 1ನೇ ಪಿನ್‌ಗೆ ಏನೂ ಕನೆಕ್ಷನ್ನೇ ಇಲ್ಲ, ಸೇರಿಸಿದ್ರೂ ಉಪಯೋಗ ಇಲ್ಲ. ಜೊತೆಗೆ ಮೈನಸ್ ಲೈನಿಗೆ 47 ಓಮ್, ಆಮೇಲೆ 100 ಮೈಕ್ರೋಫ್ಯಾರಡ್ (ಪ್ಲಸ್ ಕಾಲು ಗ್ರೌಂಡಿಗೆ, ಇಲ್ಲೇ ಬಹಳ ಜನ ಉಲ್ಟಾ ಹಾಕೋದು). ಐಸಿ ಗ್ರೌಂಡನ್ನ ನೇರ ಅಡಾಪ್ಟರ್ ಜಾಕಿಗೆ ತಗೊಂಡೋಗಿ, ಗಿಟಾರ್ ಇನ್‌ಪುಟ್ ಗ್ರೌಂಡ್ ಹತ್ರ ಮಾತ್ರ ಬೇಡ.

ಅಡಾಪ್ಟರ್ ಹಳೇ ಟ್ರಾನ್ಸ್‌ಫಾರ್ಮರ್ ಟೈಪಾ? ಲೋಡ್ ಇಲ್ದೆ ಅಳೆದು ನೋಡಿ, 9 ಅಂತ ಬರೆದಿದ್ರೂ 12–13 ಬರುತ್ತೆ, 7660 ತಡೆಯೋದು 10 ವೋಲ್ಟ್ ತನಕ ಅಷ್ಟೇ.

ಇನ್ನೊಬ್ಬರು: ಸರ್ ನಂಗೆ 60 ಮಿಲಿಆಂಪ್ ಬೇಕು, ಇದಕ್ಕೇ 100 ಮೈಕ್ರೋಫ್ಯಾರಡ್ ಹಾಕಿದ್ರೆ ಸಿಗಲ್ವಾ?

ಉತ್ತರ: ಸಿಗಲ್ಲ. ಮೇಲೆ ಹೇಳಿದ 60 ಓಮ್ ಔಟ್‌ಪುಟ್ ರೆಸಿಸ್ಟೆನ್ಸಲ್ಲಿ ಕೆಪಾಸಿಟರ್ ಪಾಲು 20 ಓಮ್ ಇರಬಹುದು, ಮಿಕ್ಕಿದ್ದೆಲ್ಲ ಐಸಿ ಒಳಗಿನ ಸ್ವಿಚ್‌ಗಳದ್ದು, ಎಷ್ಟು ದೊಡ್ಡ ಕೆಪಾಸಿಟರ್ ಹಾಕಿದ್ರೂ ಅದು ಕಮ್ಮಿ ಆಗಲ್ಲ. ಎಲ್‌ಟಿ1054 ತಗೊಳ್ಳಿ, 100 ಮಿಲಿಆಂಪ್, 15 ವೋಲ್ಟ್ ತನಕ ನಡೆಯುತ್ತೆ, ಫುಲ್ ಲೋಡಲ್ಲಿ 1 ವೋಲ್ಟ್ ಚಿಲ್ಲರೆ ಬೀಳುತ್ತೆ. ಪಂಪ್ ಪಿನ್‌ಗಳು ಅದೇ ಜಾಗದಲ್ಲಿವೆ, ಆದ್ರೆ ಇದರಲ್ಲಿ 1ನೇ ಪಿನ್ ಬೂಸ್ಟ್ ಅಲ್ಲ, ಶಟ್‌ಡೌನ್, 8ಕ್ಕೆ ಸೇರಿಸಬೇಡಿ, ಖಾಲಿ ಬಿಡಿ.